ಬುತ್ತಿ ಡಬ್ಬಿಯಷ್ಟು ಡೆಸ್ಕ್‌ಟಾಪ್: ಬೇರ್‌ಬೋನ್ ಕಿಟ್‌ನಿಂದ ಕಂಪ್ಯೂಟರ್ ಜೋಡಿಸುವ ಕ್ರಮ

ಗದಗಿನಲ್ಲಿ ಸಣ್ಣದೊಂದು ಮುದ್ರಣಾಲಯ ನಡೆಸುವ ನಮ್ಮ ಮಾಮಾ ಅವರ ಹಳೆಯ ಕಂಪ್ಯೂಟರ್ ಬೇಸಿಗೆಯ ಲಗ್ನಸರಾಯಿಯ ನಡುವೆಯೇ ಕೈಕೊಟ್ಟಾಗ, ಅದರ ಜಾಗಕ್ಕೆ ಮತ್ತೊಂದು ದೊಡ್ಡ ಪೆಟ್ಟಿಗೆಯನ್ನು ತರುವುದಕ್ಕಿಂತ ಬೇರ್‌ಬೋನ್ ಕಿಟ್ (ಅರೆಸಿದ್ಧ ಪುಟ್ಟ ಕಂಪ್ಯೂಟರ್) ಒಂದನ್ನು ಕೊಂಡು, ಧಾರವಾಡದ ನಮ್ಮ ಮನೆಯಲ್ಲಿಯೇ ಜೋಡಿಸಿ ಒಯ್ದು ಕೊಡುವುದು ಲೇಸೆಂದು ನಾನು ನಿಶ್ಚಯಿಸಿದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಬಿಲ್ ಪುಸ್ತಕಗಳ ಪುಟ ಕಟ್ಟುವುದೇ ಅಲ್ಲಿಯ ಮುಖ್ಯ ಕೆಲಸ. ಮೇಜಿನ ಮೇಲೆ ಪ್ರೂಫ್ ಹಾಳೆಗಳು, ಕೆಳಗೆ ಕಾಗದದ ರೀಮುಗಳು. ಇದ್ದ ಕಂಪ್ಯೂಟರ್ ಪೆಟ್ಟಿಗೆಗೆ ದಿನಕ್ಕೆ ನಾಲ್ಕು ಸಲ ಯಾರದಾದರೂ ಕಾಲು ತಾಗುತ್ತಿತ್ತು. ಜೋಡಿಸಿದ ಯಂತ್ರವನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಗದಗಿಗೆ ಒಯ್ದಾಗ ಮಾಮಾ ಅದನ್ನು ಕೈಯಲ್ಲಿ ತೂಗಿ ನೋಡಿ, “ಏನೋ ತಮ್ಮಾ, ಕಂಪ್ಯೂಟರ್ ತರ್ತೀನಿ ಅಂದಾಂವ ಬುತ್ತಿ ಡಬ್ಬಿ ತಂದೀಯಲ್ಲೋ” ಎಂದರು.

ಇಂಥ ಯಂತ್ರವನ್ನು ಜೋಡಿಸಲು ಬಿಡುವಾಗಿ ಕುಳಿತರೂ ಒಂದೂವರೆ ಗಂಟೆಗಿಂತ ಹೆಚ್ಚು ಹಿಡಿಯುವುದಿಲ್ಲ. ಆದರೆ ಯಾವ ಭಾಗ ಯಾವುದಕ್ಕೆ ಹೊಂದುತ್ತದೆ ಎಂದು ಗೊತ್ತುಮಾಡಿಕೊಂಡು ಕೊಳ್ಳುವುದಕ್ಕೆ ನನಗೆ ಒಂದು ವಾರ ಹಿಡಿಯಿತು. ಆ ವಾರದಲ್ಲಿಯೂ ಒಂದು ತಪ್ಪು ಮಾಡಿದೆ. ದೊಡ್ಡ ಕ್ಯಾಬಿನೆಟ್ಟಿನಲ್ಲಿ ಒಂದು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ನಡೆದೀತು, ಎರಡು ಲೀಟರಿಗೂ ಕಡಿಮೆ ಗಾತ್ರದ ಪೆಟ್ಟಿಗೆಯಲ್ಲಿ ನಡೆಯುವುದಿಲ್ಲ. ಆದ್ದರಿಂದ ಈ ಬರಹದ ಅರ್ಧದಷ್ಟು ಭಾಗ ಸ್ಕ್ರೂ ಡ್ರೈವರ್ ಕೈಗೆ ತೆಗೆದುಕೊಳ್ಳುವುದಕ್ಕೆ ಮೊದಲು ಮಾಡಬೇಕಾದ ಕೆಲಸಕ್ಕೇ ಮೀಸಲಾಗಿದೆ.

ಕಿಟ್‌ನಲ್ಲಿ ಏನಿರುತ್ತದೆ, ಏನಿರುವುದಿಲ್ಲ

ಬೇರ್‌ಬೋನ್ ಕಿಟ್ ಎಂದರೆ ಅರೆಸಿದ್ಧ ಕಂಪ್ಯೂಟರ್. ಪೆಟ್ಟಿಗೆ, ಆ ಪೆಟ್ಟಿಗೆಯ ಅಳತೆಗೇ ತಯಾರಾದ ಮದರ್‌ಬೋರ್ಡ್, ಲ್ಯಾಪ್‌ಟಾಪಿಗೆ ಇರುವಂಥ ಹೊರಗಿನ ಪವರ್ ಅಡಾಪ್ಟರ್ ಮತ್ತು ಒಂದಿಷ್ಟು ಸ್ಕ್ರೂ, ಕೇಬಲ್ಲುಗಳು ಅದರಲ್ಲಿ ಬರುತ್ತವೆ. ರ‍್ಯಾಮ್ (ಕೆಲಸದ ಹೊತ್ತಿನ ತಾತ್ಕಾಲಿಕ ಮೆಮೊರಿ), ಎಸ್‌ಎಸ್‌ಡಿ (ಕಡತಗಳನ್ನು ಉಳಿಸಿಡುವ ಡಿಸ್ಕು), ಆಪರೇಟಿಂಗ್ ಸಿಸ್ಟಮ್, ಕೀಬೋರ್ಡ್, ಮೌಸ್, ಮಾನಿಟರ್ ಇವೆಲ್ಲವನ್ನು ನಾವೇ ಕೂಡಿಸಿಕೊಳ್ಳಬೇಕು. ವೈಫೈ ಕಾರ್ಡ್ ಕೆಲವು ಕಿಟ್‌ಗಳಲ್ಲಿ ಇರುತ್ತದೆ, ಕೆಲವುಗಳಲ್ಲಿ ಅದರ ಜಾಗವಷ್ಟೇ ಇರುತ್ತದೆ.

ಇವುಗಳಲ್ಲಿ ಎರಡು ಬಗೆಗಳುಂಟು. ಮೊದಲನೆಯದರಲ್ಲಿ ಪ್ರೊಸೆಸರ್ ಮದರ್‌ಬೋರ್ಡಿಗೇ ಬೆಸುಗೆಯಾಗಿರುತ್ತದೆ ಮತ್ತು ಅದರ ಮೇಲಿನ ಫ್ಯಾನ್ ಕೂಡ ಕೂತೇ ಬಂದಿರುತ್ತದೆ. ಇಂಟೆಲ್ ಕಂಪನಿ ‘ನಕ್’ ಎಂಬ ಹೆಸರಿನಲ್ಲಿ ಹೊರತಂದ, ಸುಮಾರು 4 ಇಂಚು ಚೌಕದ ಬೋರ್ಡುಳ್ಳ ಯಂತ್ರಗಳು ಈ ಬಗೆಯವು. 2023ರಲ್ಲಿ ಇಂಟೆಲ್ ಅದರಿಂದ ಹಿಂದೆ ಸರಿದ ಮೇಲೆ ಏಸಸ್ ಆ ಸಾಲನ್ನು ಮುಂದುವರಿಸಿದೆ. ಗಿಗಾಬೈಟ್‌ನ ಬ್ರಿಕ್ಸ್ ಕೂಡ ಇದೇ ಜಾತಿಯದು. ಎರಡನೆಯ ಬಗೆಯಲ್ಲಿ ಬೋರ್ಡಿನ ಮೇಲೆ ಖಾಲಿ ಸಾಕೆಟ್ ಇದ್ದು, ಪ್ರೊಸೆಸರನ್ನೂ ಅದನ್ನು ತಣ್ಣಗಿಡುವ ಕೂಲರನ್ನೂ ನಾವೇ ಆರಿಸಿ ಕೂರಿಸಬೇಕಾಗುತ್ತದೆ. ಆಸ್‌ರಾಕ್ ಕಂಪನಿಯ ಡೆಸ್ಕ್‌ಮಿನಿ ಸಾಲು ಇದಕ್ಕೆ ಚೆನ್ನಾದ ಉದಾಹರಣೆ: ಹೊರ ಅಳತೆ 155 ಮಿಲಿಮೀಟರ್ ಉದ್ದ, ಅಷ್ಟೇ ಅಗಲ, 80 ಮಿಲಿಮೀಟರ್ ಎತ್ತರ, ಒಟ್ಟು ಗಾತ್ರ 1.92 ಲೀಟರ್, ಅಂದರೆ ಅರ್ಧ ಲೀಟರಿನ ನಾಲ್ಕು ಹಾಲಿನ ಪಾಕೀಟುಗಳಷ್ಟು.

ಕಂಪ್ಯೂಟರಿನ ಒಳಗನ್ನು ಒಮ್ಮೆಯೂ ಕಾಣದವರು ಮೊದಲನೆಯ ಬಗೆಯನ್ನೇ ಆರಿಸಿಕೊಳ್ಳಲಿ; ಅದರಲ್ಲಿ ಕೈತಪ್ಪುವುದಕ್ಕೆ ಅವಕಾಶ ಕಡಿಮೆ. ಮಾಮಾ ಅವರ ಕೆಲಸಕ್ಕೆ ನಾನು ಎರಡನೆಯದನ್ನು, ಅದರಲ್ಲಿಯೂ ಎಎಮ್‌ಡಿ ಕಂಪನಿಯ ಎಎಮ್4 ಸಾಕೆಟ್ ಇರುವ ಡೆಸ್ಕ್‌ಮಿನಿ ಎಕ್ಸ್300 ಕಿಟ್ಟನ್ನು ಆರಿಸಿದೆ. ಅದಕ್ಕೆ ಎರಡು ಕಾರಣಗಳಿದ್ದವು. ಮುಂದೆ ವೇಗ ಸಾಲದೆ ಹೋದರೆ ಪ್ರೊಸೆಸರನ್ನಷ್ಟೇ ಬದಲಿಸಬಹುದು. ಎರಡನೆಯದಾಗಿ, ಅವರ ಹಳೆಯ ಮಾನಿಟರಿಗೆ ನೀಲಿ ತುದಿಯ ವಿಜಿಎ ಕೇಬಲ್ ಒಂದೇ ಗತಿ; ಈ ಕಿಟ್‌ನ ಹಿಂಬದಿಯಲ್ಲಿ ಎಚ್‌ಡಿಎಮ್‌ಐ, ಡಿಸ್‌ಪ್ಲೇಪೋರ್ಟ್‌ಗಳ ಜೊತೆಗೆ ವಿಜಿಎ ಕೂಡ ಇದೆ. ಹೊಸ ಕಾಲದ ಎಷ್ಟೋ ಕಿಟ್‌ಗಳಲ್ಲಿ ಅದು ಇರುವುದಿಲ್ಲವಾದ್ದರಿಂದ ಕೊಳ್ಳುವ ಮುನ್ನ ಮಾನಿಟರಿನ ಬೆನ್ನನ್ನೊಮ್ಮೆ ತಿರುಗಿಸಿ ನೋಡುವುದು ಒಳ್ಳೆಯದು.

ಕೊಳ್ಳುವಾಗ ಎಡವುವ ಜಾಗಗಳು

ಪ್ರೊಸೆಸರಿನಿಂದ ಪ್ರಾರಂಭಿಸೋಣ. ಈ ಪೆಟ್ಟಿಗೆಯಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗೆ ಜಾಗವೇ ಇಲ್ಲದ್ದರಿಂದ, ಚಿತ್ರವನ್ನು ಮಾನಿಟರಿಗೆ ಕಳಿಸುವ ಕೆಲಸವೂ ಪ್ರೊಸೆಸರಿನದೇ. ಎಎಮ್4 ಸಾಕೆಟ್ಟಿನ ರೈಜೆನ್ ಪ್ರೊಸೆಸರ್‌ಗಳಲ್ಲಿ ಈ ಶಕ್ತಿ ಇರುವುದು ಹೆಸರಿನಲ್ಲಿ ಸಂಖ್ಯೆಯ ನಂತರ ‘ಜಿ’ ಅಕ್ಷರ ಇರುವವುಗಳಿಗೆ ಮಾತ್ರ. ರೈಜೆನ್ 5 5600ಜಿ ಇದ್ದರೆ ಮಾನಿಟರ್ ಬೆಳಗುತ್ತದೆ. ಬೆಲೆ ಚೂರು ಕಡಿಮೆಯೆಂದು ಬರಿಯ 5600 ತಂದರೆ ಫ್ಯಾನ್ ತಿರುಗುತ್ತದೆ, ಪರದೆ ಕತ್ತಲಾಗಿಯೇ ಉಳಿಯುತ್ತದೆ. ಇಂಟೆಲ್ ಕಡೆಗೆ ಈ ನಿಯಮ ತಿರುವುಮುರುವು: ಅಲ್ಲಿ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ನಾನು ಕೊಂಡ 5600ಜಿ ಆರು ಕೋರುಗಳ, 65 ವ್ಯಾಟಿನ ಪ್ರೊಸೆಸರ್. ಕಿಟ್‌ನ ಅಡಾಪ್ಟರ್ 19 ವೋಲ್ಟಿನಲ್ಲಿ 120 ವ್ಯಾಟ್ ಕೊಡಬಲ್ಲುದಾದ್ದರಿಂದ ಅದಕ್ಕೆ ಧಾರಾಳವಾಗಿ ಸಾಕಾಗುತ್ತದೆ.

ಪ್ರೊಸೆಸರಿನ ಡಬ್ಬಿಯಲ್ಲಿಯೇ ಒಂದು ಕೂಲರ್ ಬರುತ್ತದೆ. ‘ಬಂದಿದೆಯಲ್ಲ, ಮತ್ತೇಕೆ ಕೊಳ್ಳಬೇಕು’ ಎಂದು ಎಲ್ಲರಿಗೂ ಅನ್ನಿಸುವುದು ಸಹಜ. ಆದರೆ ಆ ರೇತ್ ಸ್ಟೆಲ್ತ್ ಕೂಲರಿನ ಎತ್ತರ 54 ಮಿಲಿಮೀಟರ್, ಈ ಪೆಟ್ಟಿಗೆಯಲ್ಲಿ ಕೂಲರಿಗೆ ಸಿಗುವ ಎತ್ತರ 46 ಮಿಲಿಮೀಟರ್. ಎಂಟು ಮಿಲಿಮೀಟರ್ ಎಂದರೆ ಕಿರುಬೆರಳಿನ ಅಗಲಕ್ಕಿಂತಲೂ ಕಡಿಮೆ, ಆದರೂ ಕವಚ ಒಳಗೆ ಸರಿಯುವುದಿಲ್ಲ. ಆದ್ದರಿಂದ ಗಿಡ್ಡ ಕೂಲರನ್ನು ಬೇರೆಯಾಗಿ ಕೊಳ್ಳಬೇಕು. ನಾಕ್ಟುವಾ ಕಂಪನಿಯ ಎನ್‌ಎಚ್-ಎಲ್9ಎ ಫ್ಯಾನ್ ಸಮೇತ 37 ಮಿಲಿಮೀಟರ್ ಎತ್ತರದ್ದು, ದುಬಾರಿಯಾದರೂ ಸದ್ದಿಲ್ಲದ್ದು. ಮುದ್ರಣಯಂತ್ರದ ಪಕ್ಕದಲ್ಲಿ ಕೂರುವ ಕಂಪ್ಯೂಟರಿಗೆ ಮೌನವೇನು ಮಹಾ ಎಂದು ನೀವು ಕೇಳಬಹುದು. ಆದರೆ ಸದ್ದು ಮಾಡದ ಫ್ಯಾನ್ ನಿಧಾನ ತಿರುಗುವ ಫ್ಯಾನ್, ನಿಧಾನ ತಿರುಗುವ ಫ್ಯಾನ್ ಕಾಗದದ ಧೂಳನ್ನು ಕಡಿಮೆ ಎಳೆದುಕೊಳ್ಳುವ ಫ್ಯಾನ್.

ಇನ್ನು ರ‍್ಯಾಮ್. ನಾನು ತಪ್ಪು ಮಾಡಿದ್ದು ಇಲ್ಲಿಯೇ. ಈ ಕಿಟ್‌ಗಳಿಗೆ ದೊಡ್ಡ ಡೆಸ್ಕ್‌ಟಾಪಿನ 133 ಮಿಲಿಮೀಟರ್ ಉದ್ದದ ರ‍್ಯಾಮ್ ಪಟ್ಟಿ ಆಗುವುದಿಲ್ಲ. ಲ್ಯಾಪ್‌ಟಾಪಿಗೆ ಹಾಕುವ, ಅದರ ಅರ್ಧದಷ್ಟು ಉದ್ದದ ಸೋಡಿಮ್ ಪಟ್ಟಿಯೇ ಬೇಕು. ಇದು ನನಗೆ ಗೊತ್ತಿತ್ತು. ಆದರೆ ಡೆಸ್ಕ್‌ಮಿನಿ ಸಾಲಿನಲ್ಲಿಯೇ ಎಎಮ್5 ಸಾಕೆಟ್ಟಿನ ಎಕ್ಸ್600 ಎಂಬ ಹೊಸ ಮಾದರಿಯಿದ್ದು, ನೋಡುವುದಕ್ಕೆ ಎರಡೂ ಒಂದೇ ತಾಯಿಯ ಮಕ್ಕಳಂತಿವೆ. ನಾನು ಅದರ ವಿವರಪಟ್ಟಿಯನ್ನು ಓದಿಕೊಂಡು ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಗೆ ಹೋಗಿ ಡಿಡಿಆರ್5 ಸೋಡಿಮ್ ತಂದುಬಿಟ್ಟೆ. ನನ್ನ ಕಿಟ್ಟಿಗೆ ಬೇಕಾದದ್ದು ಅದರ ಹಿಂದಿನ ಪೀಳಿಗೆಯ ಡಿಡಿಆರ್4. ಮೊದಲನೆಯದಕ್ಕೆ 262 ಪಿನ್ನುಗಳು, ಎರಡನೆಯದಕ್ಕೆ 260. ಪಟ್ಟಿಯ ನಡುವಿನ ಕಚ್ಚು ಕೂಡ ಬೇರೆ ಬೇರೆ ಜಾಗದಲ್ಲಿದೆ, ಹೀಗಾಗಿ ಒಂದರ ಗೂಡಿಗೆ ಇನ್ನೊಂದು ಏನು ಮಾಡಿದರೂ ಇಳಿಯದು. ಪುಣ್ಯಕ್ಕೆ ಮನೆಗೆ ಬಂದು ಕವರಿನ ಮೇಲಿನ ಚೀಟಿಯನ್ನು ಓದಿದಾಗಲೇ ತಪ್ಪು ಕಣ್ಣಿಗೆ ಬಿತ್ತು, ಕವರ್ ಹರಿದಿರಲಿಲ್ಲ, ಮರುದಿನ ಅಂಗಡಿಯವರು ಬದಲಿಸಿಕೊಟ್ಟರು. ಮಾದರಿಯ ಸಂಖ್ಯೆಯನ್ನು ಕಿಟ್‌ನ ಡಬ್ಬಿಯ ಮೇಲಿಂದಲೇ ಫೋನಿನಲ್ಲಿ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗುವ ರೂಢಿಯನ್ನು ಅಂದಿನಿಂದ ಮಾಡಿಕೊಂಡಿದ್ದೇನೆ.

ಒಟ್ಟು 16 ಜಿಬಿ ಬೇಕಿದ್ದರೆ 16ರ ಒಂದು ಪಟ್ಟಿಗಿಂತ ಎಂಟೆಂಟರ ಎರಡು ಪಟ್ಟಿಗಳನ್ನು ಹಾಕುವುದು ಉತ್ತಮ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ತನ್ನದೇ ಮೆಮೊರಿ ಇಲ್ಲದೆ ಈ ರ‍್ಯಾಮನ್ನೇ ಕಡ ತೆಗೆದುಕೊಳ್ಳುವುದರಿಂದ, ಎರಡು ಪಟ್ಟಿಗಳಿದ್ದಾಗ ದತ್ತಾಂಶ ಎರಡು ದಾರಿಗಳಲ್ಲಿ ಹರಿದು, ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿರುತ್ತದೆ. ಕೆಟ್ಟುಹೋದ ಲ್ಯಾಪ್‌ಟಾಪಿನಲ್ಲಿ ಡಿಡಿಆರ್4 ಪಟ್ಟಿಗಳಿದ್ದರೆ ಅವನ್ನೇ ತೆಗೆದು ಬಳಸಬಹುದು. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮಿನ ಬೆಲೆ ವಿಪರೀತ ಏರಿರುವಾಗ ಇದು ಸಣ್ಣ ಉಳಿತಾಯವೇನಲ್ಲ.

ಎಸ್‌ಎಸ್‌ಡಿಯ ವಿಷಯ ಬೇಗ ಮುಗಿಯುತ್ತದೆ. ಅಂಗಡಿಯಲ್ಲಿ ಎಂ.2 2280 ಎಂದು ಕೇಳಬೇಕು; 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ ಎಂಬುದನ್ನೇ ಆ ಸಂಖ್ಯೆ ಹೇಳುತ್ತದೆ. ಇದೇ ಆಕಾರದಲ್ಲಿ ಸಾಟಾ ಮತ್ತು ಎನ್‌ವಿಎಮ್‌ಇ ಎಂಬ ಎರಡು ಜಾತಿಗಳಿದ್ದು, ತುದಿಯಲ್ಲಿ ಎರಡು ಕಚ್ಚುಗಳಿರುವುದು ಸಾಮಾನ್ಯವಾಗಿ ಸಾಟಾ, ಒಂದೇ ಕಚ್ಚಿರುವುದು ಎನ್‌ವಿಎಮ್‌ಇ; ವೇಗದಲ್ಲಿ ಎರಡನೆಯದೇ ಮುಂದು, ಬೆಲೆಯಲ್ಲಿ ಈಗ ಅಂಥ ಅಂತರವಿಲ್ಲ. ಹಳೆಯ ಡೆಸ್ಕ್‌ಟಾಪಿನ ಹಾರ್ಡ್ ಡಿಸ್ಕನ್ನು ಇದರೊಳಗೆ ಹಾಕಬಹುದೇ ಎಂದು ಮಾಮಾ ಕೇಳಿದ್ದರು. ಅದು ಮೂರೂವರೆ ಇಂಚಿನದು, ಆಗುವುದಿಲ್ಲ. ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕುಗಳಿಗೆ ಮಾತ್ರ ಇಲ್ಲಿ ಜಾಗವಿದೆ. ಹಳೆಯ ಪತ್ರಿಕೆಗಳೆಲ್ಲ ಅದರಲ್ಲಿಯೇ ಇದ್ದುದರಿಂದ ಸ್ವಂತ ವಿದ್ಯುತ್ ಅಡಾಪ್ಟರ್ ಇರುವ ಯುಎಸ್‌ಬಿ ಪೆಟ್ಟಿಗೆಯೊಂದನ್ನು ಕೊಂಡು, ಅದರ ಮೂಲಕ ಕಡತಗಳನ್ನು ಹೊಸದಕ್ಕೆ ನಕಲು ಮಾಡಿದೆವು.

ಕೊನೆಯದಾಗಿ, ತಯಾರಕರ ಜಾಲತಾಣದಲ್ಲಿ ಪ್ರತಿ ಕಿಟ್ಟಿಗೂ ಹೊಂದುವ ಪ್ರೊಸೆಸರುಗಳ ಪಟ್ಟಿಯಿದ್ದು, ಪ್ರತಿಯೊಂದರ ಎದುರಿಗೆ ಬಯಾಸ್‌ನ (ಯಂತ್ರವನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶದ) ಯಾವ ಆವೃತ್ತಿಯಿಂದ ಅದು ನಡೆಯುತ್ತದೆಂದು ಬರೆದಿರುತ್ತದೆ. ಕಿಟ್ ಬಹಳ ದಿನ ಗೋದಾಮಿನಲ್ಲಿದ್ದ ಹಳೆಯ ಸರಕಾಗಿದ್ದು ಪ್ರೊಸೆಸರ್ ಅದಕ್ಕಿಂತ ಹೊಸದಾಗಿದ್ದರೆ, ಎಲ್ಲವನ್ನೂ ಸರಿಯಾಗಿ ಜೋಡಿಸಿದರೂ ಯಂತ್ರ ಏಳುವುದಿಲ್ಲ. ಮಾರುವವರಲ್ಲಿ ಬಯಾಸ್ ಆವೃತ್ತಿ ಯಾವುದೆಂದು ಮೊದಲೇ ಕೇಳಿ ಬರೆಸಿಕೊಳ್ಳಿರಿ.

ಜೋಡಣೆ

ಬೆಳಕು ಚೆನ್ನಾಗಿ ಬೀಳುವ ಮೇಜು, ತುದಿಗೆ ಅಯಸ್ಕಾಂತವಿರುವ ಒಂದು ನಡುಗಾತ್ರದ ಮತ್ತು ಒಂದು ಸಣ್ಣ ಸ್ಕ್ರೂ ಡ್ರೈವರ್, ಸ್ಕ್ರೂಗಳನ್ನು ಹಾಕಿಡಲು ಅಂಚಿರುವ ಸ್ಟೀಲ್ ಗಂಗಾಳ: ಉಪಕರಣಗಳು ಇಷ್ಟೇ. ಗಂಗಾಳದ ಮಾತು ತಮಾಷೆಯದಲ್ಲ. ಎಂ.2 ಎಸ್‌ಎಸ್‌ಡಿಯನ್ನು ಬಿಗಿಯುವ ಸ್ಕ್ರೂ ಒಂದು ಸಾಸಿವೆಕಾಳಿಗಿಂತ ತುಸು ದೊಡ್ಡದು. ಕೆಳಗೆ ಬಿದ್ದರೆ ಶಹಾಬಾದ್ ಕಲ್ಲಿನ ನೆಲದ ಮೇಲೆ ಅದನ್ನು ಹುಡುಕುವುದಕ್ಕೆ ಮನೆಮಂದಿಯೆಲ್ಲ ಮೊಣಕಾಲೂರಬೇಕಾಗುತ್ತದೆ, ಸ್ಟೀಲಿನಲ್ಲಿ ಬಿದ್ದರೆ ಟಣ್ಣೆಂದು ಸದ್ದಾದರೂ ಆಗುತ್ತದೆ.

ಸ್ಥಿರ ವಿದ್ಯುತ್ತಿನ ಬಗ್ಗೆ ಎಚ್ಚರ ಬೇಕು. ಧಾರವಾಡದಲ್ಲಿ ಮಳೆಗಾಲದ ತೇವದಲ್ಲಿ ಇದರ ಕಾಟ ಅಷ್ಟಾಗಿ ಇರುವುದಿಲ್ಲ. ಆದರೆ ಚಳಿಗಾಲ ಮುಗಿದು ಒಣಗಾಳಿ ಬೀಸತೊಡಗಿದಾಗ, ರಾತ್ರಿ ಸ್ವೆಟರ್ ಕಳಚಿದರೆ ಚಟಚಟ ಎನ್ನುವುದನ್ನು ನಾವೆಲ್ಲ ಕೇಳಿದ್ದೇವೆ. ಆ ಒಂದು ಕಿಡಿ ನಮಗೆ ಚುರುಕ್ಕೆನಿಸಿ ಮುಗಿಯುತ್ತದೆ, ಚಿಪ್ಪಿಗೆ ಮುಗಿಯುವುದಿಲ್ಲ. ಜಮಖಾನೆಯ ಮೇಲೆ ಕೂತು ಈ ಕೆಲಸ ಮಾಡಬಾರದು, ಹತ್ತಿಯ ಅಂಗಿ ಧರಿಸಬೇಕು, ಭಾಗಗಳನ್ನು ಕವರಿನಿಂದ ತೆಗೆಯುವ ಮುನ್ನ ಪ್ರತಿಸಲವೂ ಬಣ್ಣವಿಲ್ಲದ ಕಬ್ಬಿಣದ ಕಿಟಕಿ ಸರಳನ್ನೋ ನಳವನ್ನೋ ಮುಟ್ಟಬೇಕು. ಬೋರ್ಡು, ರ‍್ಯಾಮುಗಳನ್ನು ಅಂಚಿನಲ್ಲಿ ಹಿಡಿಯಬೇಕೇ ಹೊರತು ಬಂಗಾರದ ಬಣ್ಣದ ತುದಿಗಳಿಗೆ ಬೆರಳು ತಾಗಿಸಬಾರದು.

ಪೆಟ್ಟಿಗೆಯ ಹಿಂಬದಿಯ ನಾಲ್ಕು ಮೂಲೆಗಳ ಸ್ಕ್ರೂಗಳನ್ನು ಬಿಚ್ಚಿದರೆ, ಬೋರ್ಡು ಕೂತಿರುವ ತಗಡಿನ ತಟ್ಟೆ ಹಿಂದಕ್ಕೆ ಖಣದಂತೆ ಜಾರಿ ಬರುತ್ತದೆ. ಅವಸರದಿಂದ ಎಳೆಯಬಾರದು, ಕೆಲವು ಕಿಟ್‌ಗಳಲ್ಲಿ ಕವಚಕ್ಕೂ ಬೋರ್ಡಿಗೂ ನಡುವೆ ತಂತಿಗಳಿದ್ದು ಎಳೆತಕ್ಕೆ ಕಿತ್ತುಬರುತ್ತವೆ.

ಪ್ರೊಸೆಸರ್ ಕೂರಿಸುವುದು ಎಲ್ಲಕ್ಕಿಂತ ನಾಜೂಕಿನ ಘಟ್ಟ. ಎಎಮ್4 ಪ್ರೊಸೆಸರಿನ ಹೊಟ್ಟೆಯ ಕೆಳಗೆ 1331 ಪಿನ್ನುಗಳಿವೆ. ಒಂದು ಬಾಗಿದರೂ ತೊಂದರೆ. ಸಾಕೆಟ್ಟಿನ ಪಕ್ಕದ ತಂತಿಯ ಸನ್ನೆಯನ್ನು ಸ್ವಲ್ಪ ಹೊರಕ್ಕೆ ಸರಿಸಿ ಮೇಲೆತ್ತಿ ನೆಟ್ಟಗೆ ನಿಲ್ಲಿಸಿ. ಪ್ರೊಸೆಸರಿನ ಒಂದು ಮೂಲೆಯಲ್ಲಿ ಬಂಗಾರಬಣ್ಣದ ಪುಟ್ಟ ತ್ರಿಕೋನವಿದೆ, ಸಾಕೆಟ್ಟಿನ ಒಂದು ಮೂಲೆಯಲ್ಲಿಯೂ ತ್ರಿಕೋನದ ಗುರುತಿದೆ. ಎರಡನ್ನೂ ಒಂದೇ ಕಡೆಗೆ ತಂದು ಪ್ರೊಸೆಸರನ್ನು ಮೇಲಿಟ್ಟರೆ ಅದು ತನ್ನ ಭಾರಕ್ಕೆ ತಾನೇ ಇಳಿದು ಕೂರುತ್ತದೆ. ಇಳಿಯಲಿಲ್ಲವೆಂದರೆ ಒತ್ತಬೇಡಿ, ಎತ್ತಿ ಮತ್ತೆ ನೋಡಿ. ನಾಲ್ಕೂ ಅಂಚುಗಳು ಸಮವಾಗಿ ಕೂತಿವೆಯೆಂದು ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ಖಚಿತಪಡಿಸಿಕೊಂಡ ಮೇಲೆ ಸನ್ನೆಯನ್ನು ಕೆಳಗಿಳಿಸಿ ಸಿಕ್ಕಿಸಬೇಕು. ಇಂಟೆಲ್ ಮತ್ತು ಎಎಮ್5 ಬೋರ್ಡುಗಳಲ್ಲಿ ಪಿನ್ನುಗಳು ಪ್ರೊಸೆಸರಿನಲ್ಲಿರದೆ ಸಾಕೆಟ್ಟಿನಲ್ಲಿಯೇ ಇರುತ್ತವೆ. ಅಲ್ಲಿ ಸಾಕೆಟ್ಟಿನೊಳಗೆ ಬೆರಳಾಗಲಿ ಬಟ್ಟೆಯಾಗಲಿ ತಾಗಕೂಡದು, ಅದರ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯಲೂ ಕೂಡದು, ವಾರಂಟಿಗೆ ಕಳಿಸುವಾಗ ಅದನ್ನು ಕೇಳುತ್ತಾರೆ.

ಇನ್ನು ಕೂಲರ್. ಪ್ರೊಸೆಸರಿನ ಲೋಹದ ಬೆನ್ನಿನ ನಡುವೆ, ಶಾಖವನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟನ್ನು ಹೆಸರುಕಾಳಿಗಿಂತ ಚೂರು ದೊಡ್ಡದಾಗಿ ಇಟ್ಟರೆ ಸಾಕು. ಕೂಲರಿನ ಒತ್ತಡಕ್ಕೆ ಅದು ತಾನೇ ಹರಡಿಕೊಳ್ಳುತ್ತದೆ. ರೊಟ್ಟಿಗೆ ಬೆಣ್ಣೆ ಸವರಿದಂತೆ ಧಾರಾಳ ಸವರಬೇಕಾಗಿಲ್ಲ. ಕೂಲರಿನ ತಳಕ್ಕೆ ಪೇಸ್ಟ್ ಮೊದಲೇ ಹಚ್ಚಿ ಬಂದಿದ್ದರೆ ಇಷ್ಟೂ ಬೇಡ. ಗಿಡ್ಡ ಕೂಲರುಗಳಲ್ಲಿ ಕೆಲವನ್ನು ಬೋರ್ಡಿನ ಹಿಂಬದಿಯಿಂದ ಸ್ಕ್ರೂ ಹಾಕಿ ಬಿಗಿಯಬೇಕಾಗುವುದರಿಂದ, ಬೋರ್ಡನ್ನು ತಟ್ಟೆಯಿಂದ ಬಿಡಿಸಿ, ಮೊದಲಿದ್ದ ಪ್ಲಾಸ್ಟಿಕ್ ಹಿಡಿಕೆಗಳನ್ನು ತೆಗೆದು, ಕೂಲರನ್ನು ತಲೆಕೆಳಗಾಗಿ ಮೇಜಿನ ಮೇಲಿಟ್ಟು ಅದರ ಮೇಲೆ ಬೋರ್ಡನ್ನು ಕೂರಿಸಿ ಬಿಗಿಯುವುದೇ ಸುಲಭ. ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ, ಪ್ರತಿಯೊಂದಕ್ಕೂ ಎರಡೆರಡು ಸುತ್ತಿನಂತೆ ಬಿಗಿಯುತ್ತ ಹೋಗಬೇಕು. ಜೀಪಿನ ಚಕ್ರದ ನಟ್ಟುಗಳನ್ನು ಬಿಗಿಯುವವರು ಹೀಗೆಯೇ ಮಾಡುತ್ತಾರೆ. ಮುಂದೆಂದಾದರೂ ಈ ಕೂಲರನ್ನು ತೆಗೆಯುವ ಪ್ರಸಂಗ ಬಂದರೆ, ಮೊದಲು ಯಂತ್ರವನ್ನು ಹತ್ತು ನಿಮಿಷ ನಡೆಸಿ ಪೇಸ್ಟ್ ಬೆಚ್ಚಗಾದ ಮೇಲೆ, ವಿದ್ಯುತ್ ತಪ್ಪಿಸಿ, ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುವಿ ಬಿಡಿಸಬೇಕು. ನೇರವಾಗಿ ಎಳೆದರೆ ಒಣಗಿದ ಪೇಸ್ಟಿಗೆ ಅಂಟಿಕೊಂಡ ಪ್ರೊಸೆಸರ್ ಸನ್ನೆ ಹಾಕಿದ್ದರೂ ಸಾಕೆಟ್ಟಿನಿಂದ ಕಿತ್ತು ಬರುವುದುಂಟು. ಫ್ಯಾನಿನ ತಂತಿಯನ್ನು ‘ಸಿಪಿಯು ಫ್ಯಾನ್’ ಎಂದು ಬರೆದ ಪಿನ್ನುಗಳಿಗೆ ಚುಚ್ಚುವುದನ್ನು ಮರೆಯದಿರಿ, ಅದರ ಉಳಿದ ಉದ್ದವನ್ನು ಎಲೆಗಳಿಗೆ ತಾಗದಂತೆ ಮಡಚಿ ಸಿಕ್ಕಿಸಿರಿ.

ಎಸ್‌ಎಸ್‌ಡಿಯನ್ನು ಗೂಡಿಗೆ ಸುಮಾರು ಮೂವತ್ತು ಡಿಗ್ರಿ ಓರೆಯಾಗಿ ತೂರಿಸಿದಾಗ ಅದರ ಹಿಂತುದಿ ಮೇಲೆದ್ದೇ ನಿಲ್ಲುತ್ತದೆ. ಅದು ಸರಿಯಾಗಿ ಕೂತಿದೆಯೆಂಬುದಕ್ಕೆ ಅದೇ ಲಕ್ಷಣ. ಬೆರಳಿನಿಂದ ಮೆಲ್ಲಗೆ ಒತ್ತಿ ಹಿತ್ತಾಳೆಯ ಮೋಟುಕಂಬದ ಮೇಲೆ ಮಲಗಿಸಿ ಆ ಸಾಸಿವೆ ಸ್ಕ್ರೂವನ್ನು ಹಾಕಬೇಕು. ಕೈಗೆ ತಡೆ ಸಿಕ್ಕ ಮೇಲೆ ಕಾಲು ಸುತ್ತು ಸಾಕು. ರ‍್ಯಾಮ್ ಪಟ್ಟಿಯ ಕಚ್ಚನ್ನು ಗೂಡಿನ ಗುಬಟಿಗೆ ಹೊಂದಿಸಿ, ಬಂಗಾರಬಣ್ಣದ ತುದಿ ಬಹುತೇಕ ಮರೆಯಾಗುವವರೆಗೆ ಒಳಗೆ ನೂಕಿ, ಎರಡೂ ಪಕ್ಕದ ಕೊಂಡಿಗಳು ಟಿಕ್ ಎನ್ನುವವರೆಗೆ ಒತ್ತಬೇಕು. ಮೊದಲ ಸಲ ಜೋಡಿಸುವವರು ಅಂಜಿ ಅರ್ಧಕ್ಕೇ ಬಿಡುವುದೇ ಹೆಚ್ಚು; ಯಂತ್ರ ಏಳದಿದ್ದಾಗ ನಾನು ಮೊದಲು ನೋಡುವುದು ರ‍್ಯಾಮನ್ನೇ.

ವೈಫೈ ಕಾರ್ಡಿನ ಆಂಟೆನಾ ತಂತಿಗಳು ನನ್ನ ತಾಳ್ಮೆಯನ್ನು ಪರೀಕ್ಷಿಸಿದವು. ತಂತಿಯ ತುದಿಯಲ್ಲಿ ಜೋಳದ ಕಾಳಿಗಿಂತ ಸಣ್ಣದಾದ ಹಿತ್ತಾಳೆಯ ಬಿಲ್ಲೆಯಿರುತ್ತದೆ, ಕಾರ್ಡಿನ ಮೇಲೆ ಅದಕ್ಕಿಂತ ಸಣ್ಣ ಗುಂಡಿಯಿರುತ್ತದೆ, ಒಂದನ್ನು ಇನ್ನೊಂದರ ಮೇಲೆ ನೆಟ್ಟಗೆ ಹಿಡಿದು ಒತ್ತಬೇಕು. ಓರೆಯಾಗಿ ಒತ್ತಿದರೆ ಗುಂಡಿ ನಜ್ಜಾಗುತ್ತದೆ. ಕನ್ನಡಕದ ಮೇಲೊಂದು ಭೂತಗನ್ನಡಿ ಹಿಡಿದು, ಉಗುರಿನ ತುದಿಯಲ್ಲಿ ಒತ್ತಿ, ಆರನೆಯ ಯತ್ನಕ್ಕೆ ಸಾಧಿಸಿದೆ. ಕಾರ್ಡನ್ನು ಬೋರ್ಡಿಗೆ ಬಿಗಿಯುವ ಮೊದಲೇ ತಂತಿಗಳನ್ನು ಸಿಕ್ಕಿಸಿಕೊಂಡರೆ ಕೈಯಾಡಲು ಜಾಗ ಸಿಗುತ್ತದೆ.

ಮೊದಲ ಬೆಳಕು

ತಟ್ಟೆಯನ್ನು ಪೆಟ್ಟಿಗೆಯೊಳಗೆ ಸರಿಸುವ ಮೊದಲು, ಹೊರಗಿಟ್ಟುಕೊಂಡೇ ಒಮ್ಮೆ ಚಾಲೂ ಮಾಡಿ ನೋಡುವುದು ಜಾಣತನ. ಕಿಟ್‌ನ ಪವರ್ ಬಟನ್ ಕವಚದಲ್ಲಿಯೇ ಉಳಿದಿದ್ದರೆ ತಟ್ಟೆಯನ್ನು ಸರಿಸಿ, ಸ್ಕ್ರೂ ಹಾಕದೆ ಬಿಡಬಹುದು. ಮಾನಿಟರ್, ಕೀಬೋರ್ಡ್, ಕೊನೆಗೆ ಅಡಾಪ್ಟರ್ ಈ ಕ್ರಮದಲ್ಲಿ ಜೋಡಿಸಿ ಬಟನ್ ಒತ್ತಿ. ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿಯೇ ಇದ್ದರೆ ಕೂಡಲೇ ವಿದ್ಯುತ್ ತೆಗೆಯಬೇಡಿ. ಮೊದಲ ಸಲ ಬೋರ್ಡು ಹೊಸ ರ‍್ಯಾಮಿನ ವೇಗವನ್ನು ಅಳೆದು ಹೊಂದಿಸಿಕೊಳ್ಳುತ್ತಿರುತ್ತದೆ. ಅದಕ್ಕೆ ಒಂದು ನಿಮಿಷ ಹಿಡಿಯಬಹುದು, ಡಿಡಿಆರ್5 ಆದರೆ ಕೆಲವು ನಿಮಿಷಗಳೂ ಹಿಡಿಯಬಹುದು, ನಡುವೆ ತಾನಾಗಿ ಆರಿ ಹತ್ತಿಕೊಳ್ಳಲೂಬಹುದು. ಹತ್ತು ನಿಮಿಷವಾದರೂ ಏನೂ ಬಾರದಿದ್ದರೆ ವಿದ್ಯುತ್ ತಪ್ಪಿಸಿ, ಒಂದೇ ರ‍್ಯಾಮ್ ಪಟ್ಟಿಯಿಟ್ಟು ನೋಡಿ, ಆಮೇಲೆ ಇನ್ನೊಂದನ್ನು, ಆಮೇಲೆ ಇನ್ನೊಂದು ಗೂಡನ್ನು.

ಎಫ್2 ಅಥವಾ ಡಿಲೀಟ್ ಕೀಲಿಯನ್ನು ಒತ್ತುತ್ತಿದ್ದರೆ ಬಯಾಸ್ ಪರದೆ ತೆರೆಯುತ್ತದೆ. ಅಲ್ಲಿ ರ‍್ಯಾಮಿನ ಮೊತ್ತ ಸರಿಯಿದೆಯೇ, ಎಸ್‌ಎಸ್‌ಡಿಯ ಹೆಸರು ಕಾಣುತ್ತಿದೆಯೇ, ಪ್ರೊಸೆಸರಿನ ಶಾಖ ಎಷ್ಟಿದೆ ಎಂಬ ಮೂರನ್ನು ನೋಡಿ. ಏನೂ ಕೆಲಸವಿಲ್ಲದೆ ಕುಳಿತಾಗಲೇ ಶಾಖ ನೋಡನೋಡುತ್ತ ಎಂಬತ್ತು ದಾಟುತ್ತಿದ್ದರೆ ಕೂಲರ್ ಸರಿಯಾಗಿ ಕೂತಿಲ್ಲ ಎಂದೇ ತಿಳಿಯಬೇಕು. ತಾರೀಖು, ವೇಳೆಗಳನ್ನು ಸರಿಪಡಿಸಿ. ವಿಂಡೋಸ್ 11 ಹಾಕುವವರು ಟಿಪಿಎಮ್ ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಸುರಕ್ಷತಾ ಸೌಲಭ್ಯಗಳು ಚಾಲೂ ಇವೆಯೆಂದು ನೋಡಿಕೊಳ್ಳಬೇಕು. ಇದಲ್ಲದೆ, ಕರೆಂಟು ಹೋಗಿ ಬಂದಾಗ ಯಂತ್ರ ತಾನಾಗಿ ಹತ್ತಿಕೊಳ್ಳಬೇಕೇ ಬೇಡವೇ ಎಂಬ ಆಯ್ಕೆಯೊಂದು ಇಲ್ಲಿಯೇ ಇದೆ. ನಮ್ಮ ಕಡೆ ಕರೆಂಟು ಹೋದರೆ ಒಮ್ಮೆಗೇ ಹೋಗುವುದಿಲ್ಲ, ಎರಡು ಮೂರು ಸಲ ಕಣ್ಣುಮಿಟುಕಿಸಿ ಹೋಗುತ್ತದೆ. ಆದ್ದರಿಂದ ನಾನು ‘ಬೇಡ’ ಎಂದೇ ಇಟ್ಟೆ, ಜೊತೆಗೆ ಒಂದು ಸಣ್ಣ ಯುಪಿಎಸ್ ಕೊಡಿಸಿದೆ. ಇಷ್ಟು ಕಡಿಮೆ ವಿದ್ಯುತ್ ನುಂಗುವ ಯಂತ್ರಕ್ಕೆ 600 ವಿಎ ಯುಪಿಎಸ್ಸೇ ಬರೆದುದನ್ನು ಉಳಿಸಿ ಸಾವಕಾಶವಾಗಿ ಮುಚ್ಚುವಷ್ಟು ಹೊತ್ತು ಕೊಡುತ್ತದೆ.

ಆಪರೇಟಿಂಗ್ ಸಿಸ್ಟಮ್ ಹಾಕುವ ಮೊದಲು ಒಂದು ರಾತ್ರಿ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ನಡೆಸಿ ರ‍್ಯಾಮನ್ನು ಪರೀಕ್ಷಿಸಿಬಿಡಿ. ಒಂದೇ ಒಂದು ಕೆಂಪು ಸಾಲು ಕಂಡರೂ ಆ ಪಟ್ಟಿಯನ್ನು ಅಂಗಡಿಗೆ ಮರಳಿಸಬೇಕು. ರ‍್ಯಾಮಿನ ದೋಷ ಆಮೇಲೆ ಪ್ರಕಟವಾಗುವುದು ಕಡತ ಕೆಟ್ಟಾಗ, ಅದೂ ಲಗ್ನದ ತಾರೀಖಿನ ಹಿಂದಿನ ರಾತ್ರಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹೊಸ ಯಂತ್ರಕ್ಕೆ ಅದನ್ನು ಹಾಕುವುದರಲ್ಲಿ ಅರ್ಥವಿಲ್ಲ. ಬರವಣಿಗೆ, ಇಂಟರ್‌ನೆಟ್, ಮಕ್ಕಳ ಓದಿಗಾದರೆ ಉಬುಂಟು ಸಾಕು. ಅದರಲ್ಲಿ ಕೀಲಿಮಣೆಯ ಪಟ್ಟಿಯಿಂದ ಕನ್ನಡ ಕಗಪ ವಿನ್ಯಾಸವನ್ನು ಸೇರಿಸಿಕೊಂಡರೆ ಬೇರೇನೂ ಹಾಕದೆ ಕನ್ನಡ ಟೈಪ್ ಮಾಡಬಹುದು. ಆದರೆ ಮಾಮಾ ಅವರ ಇಷ್ಟು ವರ್ಷದ ಕೆಲಸವೆಲ್ಲ ಪುಟ ಕಟ್ಟುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್ ಕಡತಗಳಲ್ಲಿ, ನುಡಿಯ ಹಳೆಯ ಅಕ್ಷರಶೈಲಿಗಳಲ್ಲಿ ಇದ್ದುದರಿಂದ ವಿಂಡೋಸ್ 11 ಅನಿವಾರ್ಯವಾಯಿತು. ಅನುಸ್ಥಾಪನೆಯ ನಡುವೆ ಅದು ಇಂಟರ್‌ನೆಟ್ ಕೇಳುತ್ತದೆ, ಆದರೆ ವೈಫೈ ಕಾರ್ಡಿನ ಡ್ರೈವರ್ ಇನ್ನೂ ಬಂದಿರದೆ ಇರಬಹುದು. ಆಗ ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ ಟೆದರಿಂಗ್ (ಫೋನಿನ ಇಂಟರ್‌ನೆಟ್ಟನ್ನು ಹಂಚುವ ಸೌಲಭ್ಯ) ಚಾಲೂ ಮಾಡಿದರೆ ದಾರಿ ತೆರೆಯುತ್ತದೆ. ನುಡಿ ತಂತ್ರಾಂಶ ಹಾಕಿದ ಮೇಲೆ ಹಳೆಯ ಲಗ್ನಪತ್ರಿಕೆಯೊಂದನ್ನು ತೆರೆದು, ಒತ್ತಕ್ಷರಗಳು ತಮ್ಮ ಜಾಗದಲ್ಲಿವೆಯೇ ಎಂದು ಮಾಮಾ ತಾವೇ ಸಾಲುಸಾಲಾಗಿ ಬೆರಳಿಟ್ಟು ನೋಡಿದರು.

ಶಾಖದ ನಿಜವಾದ ಪರೀಕ್ಷೆ ಆಗಬೇಕಾದದ್ದು ಯಂತ್ರ ಕೂರುವ ಜಾಗದಲ್ಲಿ, ಮಧ್ಯಾಹ್ನದ ಹೊತ್ತಿನಲ್ಲಿ. ಪ್ರೈಮ್95ನಂಥ ತಂತ್ರಾಂಶದಿಂದ ಅರ್ಧ ಗಂಟೆ ಪೂರ್ತಿ ದುಡಿಸಿ, ಎಚ್‌ಡಬ್ಲ್ಯುಇನ್ಫೋ ಎಂಬ ಇನ್ನೊಂದು ತಂತ್ರಾಂಶದಲ್ಲಿ ಶಾಖವನ್ನು ಗಮನಿಸಬೇಕು. 5600ಜಿ ಪ್ರೊಸೆಸರಿನ ಮೇಲ್ಮಿತಿ 95 ಡಿಗ್ರಿ ಸೆಲ್ಸಿಯಸ್. ಅದು ಎಂಬತ್ತೈದರ ಒಳಗೆ ನಿಂತರೆ ಏಪ್ರಿಲ್ ತಿಂಗಳಲ್ಲಿಯೂ ಚಿಂತೆಯಿಲ್ಲ. ನಮ್ಮದು ಮೊದಲು ತೊಂಬತ್ತನ್ನು ಮುಟ್ಟಿತು. ಕಾರಣ ಕೂಲರಲ್ಲ, ಪೆಟ್ಟಿಗೆಯನ್ನು ಗೋಡೆಯೊಳಗಿನ ಮಾಡಕ್ಕೆ ತುರುಕಿದ್ದರು, ಹೊರಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತಿತ್ತು. ಹೊರತೆಗೆದು, ಎಲ್ಲ ಕಡೆ ನಾಲ್ಕು ಬೆರಳು ಜಾಗ ಬಿಟ್ಟು ಮೇಜಿನ ಮೇಲಿಟ್ಟ ಮೇಲೆ ಎಂಬತ್ತಕ್ಕಿಂತ ಕೆಳಗಿಳಿಯಿತು.

ಧೂಳಿನ ವಿಷಯ ನಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ. ಎರೆಭೂಮಿಯ ಕರಿಧೂಳು, ಪ್ರೆಸ್ಸುಗಳಲ್ಲಿ ಕಾಗದದ ಪುಡಿ, ಬ್ಯಾಡಗಿಯ ಅಡತಿ ಅಂಗಡಿಗಳಲ್ಲಾದರೆ ಮೆಣಸಿನಕಾಯಿಯ ಘಾಟು. ಯಾವುದಾದರೂ ಸರಿ, ಈ ಪುಟ್ಟ ಫ್ಯಾನಿನ ಎಲೆಗಳ ನಡುವೆ ಆರು ತಿಂಗಳಲ್ಲಿ ಮೆತ್ತೆಯಂತೆ ಕೂರುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ದೀಪಾವಳಿಗೆ ಒಮ್ಮೆ, ವಿದ್ಯುತ್ ತಪ್ಪಿಸಿ ತಟ್ಟೆಯನ್ನು ಹೊರಗೆಳೆದು ಬ್ಲೋವರಿನಿಂದ ಊದಿಸಬೇಕು. ಊದುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲದಿದ್ದರೆ ಅದು ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಕವಚವನ್ನು ಮುಚ್ಚುವ ಮೊದಲು ನಾನು ಅದರ ಮೇಲ್ಭಾಗಕ್ಕೆ ಒಂದು ಚೀಟಿ ಅಂಟಿಸಿದೆ: ಡಿಡಿಆರ್4 ಸೋಡಿಮ್ ಎಂಟೆಂಟು ಜಿಬಿ, ಎಂ.2 2280 ಎನ್‌ವಿಎಮ್‌ಇ, ಕೂಲರ್ 46 ಮಿಲಿಮೀಟರ್ ಒಳಗೆ, ಅಡಾಪ್ಟರ್ 19 ವೋಲ್ಟ್ 120 ವ್ಯಾಟ್. ಅಡಾಪ್ಟರಿನ ಮೇಲೆಯೂ ಬಿಳಿ ಬಣ್ಣದಲ್ಲಿ ಯಂತ್ರದ ಹೆಸರು ಬರೆದೆ. ಮಾಮಾ ಅವರ ಮಗನ ಲ್ಯಾಪ್‌ಟಾಪಿನ 65 ವ್ಯಾಟಿನ ಅಡಾಪ್ಟರಿಗೂ ಅಂಥದೇ ಕಪ್ಪು ಮೈ, ಹೆಚ್ಚುಕಡಿಮೆ ಅಂಥದೇ ತುದಿಯಿದ್ದು, ಎರಡೂ ಒಂದೇ ಸ್ವಿಚ್‌ಬೋರ್ಡಿನ ಕೆಳಗೆ ಸುತ್ತಿಕೊಂಡು ಬಿದ್ದಿರುತ್ತವೆ.